ಒಂದು ಕಾಯ್ದೆ, ಎರಡು ಪದಕೋಶ: ಗಡಿಕನ್ನಡದಲ್ಲಿ ಕಾನೂನಿನ ನುಡಿ

ಆಡಳಿತ ಪದಕೋಶಗಳ ವಿನ್ಯಾಸ ಚಿರಪರಿಚಿತ: ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಸಮಾನಪದ. ಕನ್ನಡವೇ ಆಡಳಿತಭಾಷೆಯಾಗಿರುವಲ್ಲಿ ಇಷ್ಟು ಸಾಕು. ತೆಲಂಗಾಣದ ನಾರ್ವ, ಮಖ್ತಲ್, ಗದ್ವಾಲಗಳ ಕನ್ನಡಿಗರಿಗೆ ಸಾಲದು. ಅವರ ಕೈಸೇರುವ ಕಚೇರಿಯ ಕಾಗದ ತೆಲುಗಿನದು. ಅದರ ಕಂದಾಯ ಪದಗಳ ಬೇರು ಬಹುಮಟ್ಟಿಗೆ ನಿಜಾಮರ ಕಾಲದ ಉರ್ದುವಿನದು. ನೆರವಿಗೆಂದು ತೆರೆಯುವ ಪದಕೋಶವಾದರೋ ಬೆಂಗಳೂರಿನ ಆಡಳಿತಕ್ಕಾಗಿ ರೂಪುಗೊಂಡದ್ದು.

ಪಹಣಿ, ಪಟ್ಟಾ, ತಹಶೀಲ್ದಾರ, ಜಪ್ತಿ ಮುಂತಾದವು ಗಡಿಯ ಎರಡೂ ಕಡೆ ಸಲ್ಲುವ ಮಾತುಗಳು. ಈ ಸಾಮ್ಯವೇ ಓದುಗರನ್ನು ಮೈಮರೆಸುತ್ತದೆ. ತೊಡಕಿರುವುದು ಅಪರಿಚಿತ ಪದಗಳಲ್ಲಲ್ಲ, ಪರಿಚಿತವೆನಿಸುವ ಪದಗಳಲ್ಲಿ. ತೆಲುಗಿನಲ್ಲಿ ‘ದರಖಾಸ್ತು’ ಎಂದರೆ ಯಾವುದೇ ಅರ್ಜಿ. ಕರ್ನಾಟಕದ ಕಂದಾಯ ಪರಿಭಾಷೆಯಲ್ಲಿ ಅದು ಸರ್ಕಾರಿ ಜಮೀನಿನ ಮಂಜೂರಾತಿಗೆ ಅಂಟಿಕೊಂಡ ಮಾತು. ಆಂಧ್ರಪ್ರದೇಶದಲ್ಲಿ 1985ರಲ್ಲಿ ಬಂದ ‘ಮಂಡಲ’ ತಾಲ್ಲೂಕಿನ ಸ್ಥಾನವನ್ನು ಪಡೆಯಿತು. ಕರ್ನಾಟಕದಲ್ಲಿ ಅದೇ ದಶಕದ ‘ಮಂಡಲ ಪಂಚಾಯತಿ’ ಕೆಲವು ಹಳ್ಳಿಗಳ ಗುಂಪಷ್ಟೇ ಆಗಿತ್ತು. ತೆಲುಗಿನ ‘ಚಟ್ಟಂ’ ಶಾಸನ; ಕನ್ನಡದ ಚಟ್ಟ ಹೆಣ ಹೊರುವ ಸಾಧನ.

ಈ ಬಗೆಯ ವ್ಯತ್ಯಾಸ ಕೇವಲ ವಿನೋದದ ವಿಷಯವಲ್ಲವೆಂಬುದಕ್ಕೆ ‘ಕೌಲುದಾರ’ ಸಾಕ್ಷಿ. ಹೈದರಾಬಾದು ರಾಜ್ಯದ 1950ರ ಗೇಣಿ ಮತ್ತು ಕೃಷಿಭೂಮಿ ಕಾಯ್ದೆ ಜಾರಿಗೆ ಬಂದಾಗ ಗದ್ವಾಲ ರಾಯಚೂರು ಜಿಲ್ಲೆಯ ತಾಲ್ಲೂಕಾಗಿತ್ತು. 1956ರಲ್ಲಿ ಗದ್ವಾಲ ಆಂಧ್ರಪ್ರದೇಶಕ್ಕೂ ರಾಯಚೂರು ಮೈಸೂರಿಗೂ ಸೇರಿದವು. ಕರ್ನಾಟಕದಲ್ಲಿ 1961ರ ಭೂಸುಧಾರಣಾ ಕಾಯ್ದೆ ಮತ್ತು ಅದರ 1974ರ ತಿದ್ದುಪಡಿ ಗೇಣಿಪದ್ಧತಿಯನ್ನು ಬಹುಪಾಲು ರದ್ದುಗೊಳಿಸಿದವು. ‘ಗೇಣಿದಾರ’ ಎಂಬ ಪದಕ್ಕೆ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯ ನೆನಪು ಬೆಸೆದುಕೊಂಡಿತು. ತೆಲಂಗಾಣದಲ್ಲಿ 1950ರ ಕಾಯ್ದೆಯೇ ಉಳಿಯಿತು. ಅದರಡಿ ಹಕ್ಕು ಪಡೆದ ‘ರಕ್ಷಿತ ಕೌಲುದಾರ’ ಬೇರೆ, ಇಂದು ಬಾಯಿಮಾತಿನ ಮೇಲೆ ಹೊಲ ಹಿಡಿದಿರುವ ಕೌಲುದಾರ ಬೇರೆ. 2018ರ ರೈತಬಂಧು ಯೋಜನೆಯ ನೆರವು ಪಟ್ಟಾದಾರರಿಗೆ ಸಂದಿತು, ಈ ಎರಡನೆಯವರಿಗೆ ಸಲ್ಲಲಿಲ್ಲ. ಹಾಗಾಗಿ ‘ಕೌಲುದಾರ ಎಂದರೆ ಗೇಣಿದಾರ’ ಎಂಬ ನಮೂದು ಭಾಷೆಯ ಮಟ್ಟಿಗೆ ಸರಿ, ಕಾನೂನಿನ ಮಟ್ಟಿಗೆ ಅಪಾಯಕಾರಿ: ಅದು ಇಲ್ಲದ ಹಕ್ಕಿನ ಭರವಸೆ ಕೊಡಬಲ್ಲದು, ಇರುವ ಹಕ್ಕನ್ನು ಮರೆಮಾಚಲೂಬಲ್ಲದು.

ಸಂವಿಧಾನದ 350ನೆಯ ಅನುಚ್ಛೇದವು ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ನೀಡುತ್ತದೆ. ಆದರೆ ಉತ್ತರ ಯಾವ ಭಾಷೆಯಲ್ಲಿರಬೇಕೆಂದು ಅದು ಹೇಳುವುದಿಲ್ಲ. ಮನವಿಯನ್ನು ಕನ್ನಡದಲ್ಲಿ ಬರೆದವರೂ ಆದೇಶವನ್ನು ತೆಲುಗಿನಲ್ಲಿಯೇ ಎದುರುಗೊಳ್ಳಬೇಕಾಗಬಹುದು.

ಆದುದರಿಂದ ಗಡಿಕನ್ನಡಕ್ಕೆ ಬೇಕಾದುದು ಇನ್ನಷ್ಟು ಸಮಾನಪದಗಳಲ್ಲ, ನಮೂದಿನ ಬೇರೆಯದೇ ಕ್ರಮ. ಮೊದಲು ಕಚೇರಿಯ ತೆಲುಗು ಪದ ಕನ್ನಡ ಲಿಪಿಯಲ್ಲಿ. ಬಳಿಕ ಅದರ ಉರ್ದು ಮೂಲವಿದ್ದರೆ ಅದು. ಅನಂತರ ಕರ್ನಾಟಕದಲ್ಲಿ ಅದೇ ರೂಪಕ್ಕಿರುವ ಅರ್ಥ. ಕೊನೆಗೆ, ಆ ಪದದಿಂದ ಯಾರಿಗೆ ಯಾವ ಹಕ್ಕು ಹುಟ್ಟುತ್ತದೆ, ಯಾವುದು ಹುಟ್ಟುವುದಿಲ್ಲ ಎಂಬ ವಿವರಣೆ. ಈ ಕೊನೆಯ ಸಾಲಿಲ್ಲದ ಪದಕೋಶ ಅನುವಾದಕರಿಗೆ ಒದಗೀತು. ಪಹಣಿ ಹಿಡಿದು ಕಚೇರಿಯ ಮುಂದೆ ನಿಂತವರಿಗೆ ಒದಗಲಾರದು.