ಬಂಡಿದಾರಿಯ ಮೇಲೊಂದು ಬಣ್ಣದ ಗೆರೆ

ಸಂಕ್ರಾಂತಿಗೆ ಇನ್ನೊಂದು ವಾರವಿತ್ತು. ಮಾಗಡಿ ತಾಲ್ಲೂಕಿನ ಒಂದು ಹಳ್ಳಿಯ ಬಾಗಿಲಲ್ಲಿ ನನ್ನ ಸೈಕಲ್ಲಿನ ಹಿಂದಿನ ಗೇರಿಗೆ ಹುರುಳಿ ಬಳ್ಳಿ ಸುತ್ತಿಕೊಂಡಿತು. ಟಾರು ರಸ್ತೆಯ ಅಗಲಕ್ಕೂ ಹುರುಳಿ ಹರವಿದ್ದರು. ಅದರ ಮೇಲೇ ಹೋಗಬೇಕು. ಇಳಿದು, ಸೈಕಲ್ ತಲೆಕೆಳಗು ಮಾಡಿ, ಚೈನಿಗೂ ಡಿರೇಲರಿಗೂ ಹೆಣೆದುಕೊಂಡ ಒಣ ಬಳ್ಳಿಯನ್ನು ಒಂದೊಂದೇ ಬಿಡಿಸುತ್ತ ಕೂತೆ. ಮೊರ ಹಿಡಿದು ಬದಿಗೆ ನಿಂತಿದ್ದ ಅಜ್ಜಿ ನೋಡುವಷ್ಟು ನೋಡಿ, "ನಿನ್ ಸೈಕಲ್ಲಿಗೆ ಏನ್ ಕಾಳು ಉದುರ್ತದಪ್ಪ, ಬಸ್ ಬರ್ಲಿ ಬುಡು" ಅಂದರು.

ಆ ದಿನ ನಾನು ಫೋನಿಗೆ ಇಳಿಸಿಕೊಂಡು ಹೊರಟಿದ್ದ ರೂಟಿನಲ್ಲಿ ಆ ತುಂಡಿಗೆ ಬೂದು ಬಣ್ಣವಿತ್ತು. ಬೂದು ಎಂದರೆ ಟಾರು. ಬೇಗ ದಾಟಿಬಿಡಿ, ಇಲ್ಲೇನಿಲ್ಲ ಎಂದರ್ಥ. ಕಂದು ಬಣ್ಣ ಬಂದಲ್ಲಿಂದ ಸವಾರಿ ಶುರು. ಜಯನಗರ, ಜೆ.ಪಿ. ನಗರ, ಬನಶಂಕರಿಯ ಸೈಕಲ್ ಗೆಳೆಯರು ವಾರವಾರ ಕೈಬದಲಿಸಿಕೊಳ್ಳುವ ಈ 'ಗ್ರಾವೆಲ್' ರೂಟುಗಳನ್ನು ಒಂದೆರಡು ವರ್ಷದಿಂದ ತುಳಿಯುತ್ತಿದ್ದೇನೆ. ಒಂದು ರೂಟೂ ಒಬ್ಬರು ಬರೆದ ಕೃತಿಯೇ. ಅದಕ್ಕೆ ಆರಂಭವಿದೆ, ಏರಿಳಿತವಿದೆ, ಬರೆದವರ ಅಭಿರುಚಿ ಇದೆ, ಅವರ ಕಣ್ಣಿಗೆ ಬೀಳದ್ದೂ ಇದೆ. ಹಾಗಿದ್ದ ಮೇಲೆ ವಿಮರ್ಶೆಗೂ ಒಳಪಡಬೇಕಲ್ಲ. ಈಗ ನಡೆಯುತ್ತಿರುವುದು ಬರೀ ಶಹಬ್ಬಾಸ್‌ಗಿರಿ.

ಆಟದ ಪರಿಚಯ ಚುಟುಕಾಗಿ ಹೇಳಿಬಿಡುತ್ತೇನೆ. ರೇಸ್ ಸೈಕಲ್ಲಿನ ಬಾಗಿದ ಹ್ಯಾಂಡಲ್, 40 ಮಿ.ಮೀ. ಆಸುಪಾಸಿನ ಅಗಲ ಟಯರು, ಡಿಸ್ಕ್ ಬ್ರೇಕು, ಏರಿಗೆ ಹಗುರ ಗೇರು. ಅಮೆರಿಕದ ಕಾನ್ಸಾಸ್‌ನ ಎಂಪೋರಿಯಾದಲ್ಲಿ 2006ರಲ್ಲಿ ಶುರುವಾದ 200 ಮೈಲಿಯ ರೇಸು ಇದಕ್ಕೆ ಹೆಸರು ತಂದಿತು. 2022ರಲ್ಲಿ ಇಟಲಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ಪೂ ನಡೆಯಿತು. ಇಲ್ಲಿ ಅದು ಬಂದಿದ್ದು ಹೆದ್ದಾರಿಯ ಲಾರಿಗಳಿಗೆ ಹೆದರಿ. ಕನಕಪುರ ರಸ್ತೆ, ಮೈಸೂರು ರಸ್ತೆ ಎರಡೂ ಸೈಕಲ್ಲಿನವರ ಕೈತಪ್ಪಿದ ಮೇಲೆ ಜನ ಹಳ್ಳಿದಾರಿಗೆ ಹೊರಳಿದರು. ಆ ಹೊರಳುವಿಕೆಯ ಬಗ್ಗೆ ನನಗೆ ತಕರಾರಿಲ್ಲ.

ಈ ರೂಟುಗಳಲ್ಲಿ ಮೆಚ್ಚಬೇಕಾದ್ದು ಮೊದಲು. ಯಡಿಯೂರು ಕೆರೆಯ ಪಕ್ಕದಿಂದ ಐದೂವರೆಗೆ ಹೊರಟು, ಕೆಂಗೇರಿ ದಾಟಿ, ದೊಡ್ಡ ಆಲದ ಮರದ ದಿಕ್ಕು ಹಿಡಿದು, ಮಂಚನಬೆಲೆ ಅಣೆಕಟ್ಟೆಯ ಹಿಂದಿನ ಮಣ್ಣುದಾರಿಗಳಲ್ಲಿ ಸಾವನದುರ್ಗದ ಬುಡಕ್ಕೆ ಹೋಗುವುದು ಈ ಪ್ರಕಾರದ ಉತ್ತಮ ರಚನೆ. ಒಂದು ಕಡೆಗೆ 50 ಕಿ.ಮೀ. ಆಸುಪಾಸು. ಕೆರೆ ಏರಿಯ ಮೇಲೊಂದು ತುಂಡು, ಹಿಪ್ಪುನೇರಳೆ ತೋಟಗಳ ನಡುವೆ ಒಂದು ತುಂಡು, ಆಮೇಲೆ ಇದ್ದಕ್ಕಿದ್ದಂತೆ ಎದುರಿಗೆ, ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಆ ಒಂಟಿ ಬಂಡೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನಿಂದ ಕಿತ್ತುಕೊಂಡ ದುರ್ಗ ಇದು. ಕಾರಿನಲ್ಲಿ ಹೋದವರಿಗೆ ಬಂಡೆ ಮಾತ್ರ ಕಾಣುತ್ತದೆ, ಮಣ್ಣುದಾರಿಯಲ್ಲಿ ಹೋದವರಿಗೆ ಬಂಡೆ ಹುಡಿಯಾಗುವುದೂ ಕಾಣುತ್ತದೆ.

ಅಲ್ಲಿ ನಿಂತು ಒಂದು ಚಿಟಿಕೆ ಗರಸು ಅಂಗೈಗೆ ಹಾಕಿಕೊಳ್ಳಿ. ನಸುಗೆಂಪು ಚೂರು, ಗಾಜಿನಂಥ ಚೂರು, ಕಪ್ಪು ಹೊಳೆಯುವ ಕಾಗೆಬಂಗಾರ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಊರಿನ ಹೆಸರು ಹೋಯಿತು, ಬೆಟ್ಟಸಾಲಿನ ಕಲ್ಲು ಮಾತ್ರ ಭೂವಿಜ್ಞಾನದ ಪುಸ್ತಕಗಳಲ್ಲಿ ಕ್ಲೋಸ್‌ಪೇಟ್ ಗ್ರಾನೈಟ್ ಆಗಿಯೇ ಉಳಿಯಿತು. ವಯಸ್ಸು ಸುಮಾರು 250 ಕೋಟಿ ವರ್ಷ. ಅದರ ದಪ್ಪ ದಪ್ಪ ನಸುಗೆಂಪು ಹರಳುಗಳೇ ಮಳೆಬಿಸಿಲಿಗೆ ಬಿಚ್ಚಿಕೊಂಡು ಈ ದಾರಿಯಾಗಿವೆ. ಚಕ್ರದಡಿಯಲ್ಲಿ ಅವು ಗೋಲಿಯಂತೆ ಉರುಳುತ್ತವೆ. ಏರಿನಲ್ಲಿ ಎದ್ದು ತುಳಿದಿರೋ, ಹಿಂದಿನ ಚಕ್ರ ನಿಂತಲ್ಲೇ ಗಿರ್ರನೆ ಸುತ್ತುತ್ತದೆ. ಸೀಟಿನ ತುದಿಗೆ ಜರುಗಿ, ಕೂತೇ, ನಿಧಾನ ತುಳಿಯಬೇಕು. ಟಯರಿನ ಗಾಳಿ 35 ಪಿ.ಎಸ್.ಐ.ಗೆ ಇಳಿಸಿದರೆ ಹಿಡಿತ ಸಿಗುತ್ತದೆ. ಜಲ್ಲಿ ಬೇರೆ, ಗರಸು ಬೇರೆ ಎಂಬುದನ್ನು ನನಗೆ ಕಲಿಸಿದ್ದು ಮೊಣಕೈ. ಕ್ರಷರಿನಿಂದ ಬಂದ ಜಲ್ಲಿ ಚೂಪು, ಬಿದ್ದರೆ ಕೊಯ್ಯುತ್ತದೆ. ಗರಸು ತರಿಯುತ್ತದೆ ಅಷ್ಟೆ. ರೂಟು ಬರೆಯುವವರ ಭಾಷೆಯಲ್ಲಿ ಎರಡೂ ಒಂದೇ ಕಂದು.

ರಚನೆಯ ದೋಷ ಶುರುವಾಗುವುದು ಇಲ್ಲಿಂದಲೇ. ಒಂದು ರೂಟಿನ ಯೋಗ್ಯತೆಯನ್ನು ಈಗ ಅಳೆಯುವುದು ಮೂರು ಅಂಕಿಗಳಲ್ಲಿ: ಎಷ್ಟು ಕಿಲೋಮೀಟರು, ಎಷ್ಟು ಮೀಟರ್ ಏರು, ಟಾರಿಲ್ಲದ್ದು ಶೇಕಡ ಎಷ್ಟು. ಹೊತ್ತು, ಋತು, ಬಿಸಿಲು ಯಾವುದೂ ಲೆಕ್ಕಕ್ಕಿಲ್ಲ. ಬೆಂಗಳೂರು ನಿಂತಿರುವುದು 900 ಮೀಟರಿಗೂ ಮೇಲೆ, ರಾಮನಗರ 750ರ ಸುತ್ತಮುತ್ತ. ಬೆಟ್ಟಸೀಮೆಗೆ ಹೋಗುತ್ತೇವೆಂದು ಹೊರಟವರು ವಾಸ್ತವದಲ್ಲಿ ಇಳಿಯುತ್ತಿರುತ್ತಾರೆ. ಏರು ಇರುವುದು ಮನೆಗೆ ಮರಳುವಾಗ, ಹನ್ನೊಂದರ ಬಿಸಿಲಲ್ಲಿ, ನೀರು ಮುಗಿದ ಮೇಲೆ. ಬಲ್ಲವರು ಬರೆದ ರೂಟಿನಲ್ಲಿ ವಾಪಸಿನ ದಾರಿಗೆ ನೆರಳಿರುತ್ತದೆ, ಒಂದು ಟೀ ಅಂಗಡಿ ಇರುತ್ತದೆ. ಅಂಕಿಗಾಗಿ ಬರೆದದ್ದರಲ್ಲಿ ಕೊನೆಯ 20 ಕಿ.ಮೀ. ಮೈಸೂರು ರಸ್ತೆಯ ಹೊಗೆ. ಇನ್ನು ಮಳೆಗಾಲ. ಮೇ ತಿಂಗಳಲ್ಲಿ ಗಟ್ಟಿ ನೆಲವೆಂದು ಕಂಡ ಹೊಲದ ಬದಿಯ ಕೆಮ್ಮಣ್ಣು ಸೆಪ್ಟೆಂಬರಿನಲ್ಲಿ ಚಕ್ರಕ್ಕೂ ಫೋರ್ಕಿಗೂ ನಡುವೆ ಗಟ್ಟಿ ಉಂಡೆಯಾಗಿ ಕೂತು, ಸೈಕಲ್ ಹೊರುವ ಕೆಲಸ ನಮ್ಮ ಹೆಗಲಿಗೆ ಬರುತ್ತದೆ.

ಇದಕ್ಕಿಂತ ಕೆಟ್ಟದ್ದು ಕಾಡಿನ ವಿಷಯ. ಬಹಳ ಜನ ಓಡಾಡಿದ ಕಡೆ ಹೊಳೆಯುವ ಹೀಟ್‌ಮ್ಯಾಪ್ ನೋಡಿ ಗೆರೆ ಎಳೆಯುತ್ತಾರೆ. ಹಿಂದೆ ಯಾರೋ ಹೋಗಿದ್ದಾರೆ ಎನ್ನುವುದಷ್ಟೇ ಅದರಿಂದ ಗೊತ್ತಾಗುವುದು. ಹೋಗಬಹುದೇ ಎನ್ನುವುದು ಗೊತ್ತಾಗುವುದಿಲ್ಲ. ಕಾಯ್ದಿಟ್ಟ ಅರಣ್ಯಕ್ಕೆ ಅನುಮತಿಯಿಲ್ಲದೆ ನುಗ್ಗುವಂತಿಲ್ಲ. ಬನ್ನೇರುಘಟ್ಟದ ಅಂಚಿನ ಹಳ್ಳಿಗಳಲ್ಲಿ ಆನೆ ತಿರುಗುತ್ತದೆ. ಅಲ್ಲಿನವರು ಬೆಳಕು ಹರಿಯುವ ಮುಂಚೆ ಹೊಲದ ಕಡೆ ಒಬ್ಬೊಬ್ಬರೇ ಹೋಗುವುದಿಲ್ಲ, ನಾವು ಹೆಲ್ಮೆಟ್ಟಿನ ದೀಪ ಹಾಕಿಕೊಂಡು ಹೋಗುತ್ತೇವೆ. ಮನೆಗೆ ಹತ್ತಿರದ ತುರಹಳ್ಳಿಯನ್ನೇ ನೋಡಿ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಮಾತು ಬಂದಾಗ ಸುತ್ತಲಿನ ಜನ ಕಾಡು ಕಾಡಾಗಿಯೇ ಇರಲಿ ಎಂದು ಬೀದಿಗಿಳಿದರು. ಅದೇ ಗುಡ್ಡದ ಇಳಿಜಾರಿನಲ್ಲಿ ನಮ್ಮ ಟಯರು ಕೊರೆದ ಜಾಡಿನಲ್ಲಿ ಮಳೆನೀರು ಮಣ್ಣು ಹೊತ್ತು ಇಳಿಯುವುದನ್ನು ನಾನು ನಿಂತು ನೋಡಿದ್ದೇನೆ. ಆ ಜಾಡಿನಲ್ಲಿ ನನ್ನದೂ ಒಂದು ಪಾಲಿದೆ.

ಈ ಸೈಕಲ್ ವಲಯದಲ್ಲಿ ಒಂದು ಹಳಹಳಿಕೆ ಪದೇ ಪದೇ ಕೇಳುತ್ತದೆ: "ಛೆ, ಆ ರಸ್ತೆಗೂ ಟಾರು ಹಾಕ್ಬಿಟ್ರು." ಇದಕ್ಕೆ ಇಟಲಿಯ ಸಮರ್ಥನೆಯೂ ಸಿಗುತ್ತದೆ. ಟಸ್ಕನಿಯ ಗಾಯೊಲೆಯಲ್ಲಿ 1997ರಲ್ಲಿ 'ಎರೊಯಿಕಾ' ಎಂಬ ಹಳೇ ಸೈಕಲ್ಲುಗಳ ಸವಾರಿ ಶುರುವಾದದ್ದು ಅಲ್ಲಿನ ಬಿಳಿ ಮಣ್ಣಿನ ರಸ್ತೆಗಳನ್ನು ಟಾರಿನಿಂದ ಉಳಿಸಿಕೊಳ್ಳುವುದಕ್ಕೆ. ಆ ರಸ್ತೆಗಳ ಮೇಲೇ 2007ರಿಂದ ವೃತ್ತಿಪರರ ರೇಸು ನಡೆಯುತ್ತಿದೆ. ಟಸ್ಕನಿಗೆ ಅದು ಒಪ್ಪೀತು. ಇಲ್ಲಿ ಹಿಪ್ಪುನೇರಳೆ ಸೊಪ್ಪು ಬಾಡುವ ಮುಂಚೆ ಹುಳುವಿಗೆ ಸಿಗಬೇಕು. ಗೂಡಿನಿಂದ ಚಿಟ್ಟೆ ಹೊರಬೀಳುವ ಮುಂಚೆ ಗೂಡು ರಾಮನಗರದ ಮಾರುಕಟ್ಟೆ ಮುಟ್ಟಬೇಕು. ಎರಡು ಹೊತ್ತೂ ಡೇರಿಗೆ ಹಾಲು ಹಾಕಬೇಕು. 2000ದ ಡಿಸೆಂಬರಿನಲ್ಲಿ ಗ್ರಾಮ ಸಡಕ್ ಯೋಜನೆ ಶುರುವಾಗುವವರೆಗೆ ಎಷ್ಟೋ ಊರುಗಳಿಗೆ ಮಳೆಗಾಲದಲ್ಲಿ ಇದೆಲ್ಲ ಹೆಣಗಾಟ. ಅವರ ಟಾರಿಗೆ ನಾವು ಮರುಗುವುದು ಶುದ್ಧ ಭಾನುವಾರದ ದುಃಖ. ಅಷ್ಟಕ್ಕೂ, ಹುರುಳಿ ಅಜ್ಜಿಗೆ ಆ ಟಾರೇ ಕಣ.

ಮಣ್ಣುದಾರಿಗಳನ್ನು ನಿಜವಾಗಿ ತಿನ್ನುತ್ತಿರುವುದು ಬೇಲಿ. ಹಳೇ ಗ್ರಾಮ ನಕಾಶೆಯಲ್ಲಿ ಬಂಡಿದಾರಿಗೆ ಜೋಡಿ ಚುಕ್ಕಿಗೆರೆ, ಕಾಲುದಾರಿಗೆ ಒಂಟಿ ಚುಕ್ಕಿಗೆರೆ ಇರುತ್ತದೆ. 'ನಕಾಶೆ ಕಂಡ ದಾರಿ' ಎಂಬ ಮಾತಿಗೆ ತಾಲ್ಲೂಕು ಕಚೇರಿಯಲ್ಲಿ ಈಗಲೂ ತೂಕವಿದೆ. ಸಾವನದುರ್ಗದ ರೂಟಿನ ಕಂದು ತುಂಡುಗಳಲ್ಲಿ ಹಲವು ಅಂಥ ಬಂಡಿದಾರಿಗಳೇ. ಅವುಗಳ ಮೇಲೆ ಬಡಾವಣೆ, ಫಾರ್ಮ್‌ಹೌಸು ಬಂದು ಕೂರುತ್ತಿವೆ. ದಿಶಾಂಕ್ ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರು ಅರೆ ನಿಮಿಷದಲ್ಲಿ ಸಿಗುತ್ತದೆ. ಆದರೆ ನಮ್ಮ ರೂಟು ಬರೆಯುವವರಲ್ಲಿ ಅದನ್ನು ತೆರೆದವರನ್ನು ನಾನು ಕಂಡಿಲ್ಲ. ದಾರಿ ಮುಚ್ಚಿದರೆ ಬೆರಳಲ್ಲಿ ಗೆರೆಯನ್ನು ಪಕ್ಕಕ್ಕೆಳೆಯುತ್ತಾರೆ, 'ಹೊಸ ಆವೃತ್ತಿ' ಎಂದು ಹಂಚುತ್ತಾರೆ. ಮುಚ್ಚಿದ್ದು ಯಾವ ದಾರಿ, ಯಾವಾಗ ಎಂಬ ಟಿಪ್ಪಣಿ ಕೂಡ ಇರುವುದಿಲ್ಲ. ವಾರವಾರ ಈ ದಾರಿಗಳನ್ನು ಅಳೆದು ದಾಖಲೆ ಇಡುವವರು ಬೇರೆ ಯಾರೂ ಇಲ್ಲದಿರುವಾಗ, ಈ ಪ್ರಕಾರದ ದೊಡ್ಡ ಸೋಲು ನನಗೆ ಇದೇ ಎನ್ನಿಸುತ್ತದೆ.

ಹುರುಳಿ ಬಿಡಿಸಿಕೊಂಡು ಹೊರಟ ಆ ದಿನವೇ, ನಾಲ್ಕೈದು ಕಿಲೋಮೀಟರ್ ಮುಂದೆ, ಕಂದು ಗೆರೆ ಒಂದು ಕಬ್ಬಿಣದ ಗೇಟಿಗೆ ಹೋಗಿ ನಿಂತಿತು. ಒಳಗೆ ಕಲ್ಲು ನೆಟ್ಟ ಸೈಟುಗಳು, ಹೊಸ ಟಾರು, ಬಳ್ಳಿ ಹಬ್ಬಿಸಿದ ಕಮಾನು. ಗೇಟಿನ ಈಚೆ ಇಪ್ಪತ್ತು ಮೇಕೆ, ಅವುಗಳ ಹಿಂದೆ ಹೆಗಲ ಮೇಲೆ ಟವಲ್ ಹಾಕಿಕೊಂಡ ಹಿರಿಯರೊಬ್ಬರು. "ಯಜಮಾನ್ರೆ, ಮುಂದಕ್ಕೆ ದಾರಿ ಇಲ್ವಾ?" ಎಂದೆ.

"ಐತೆ ಸ್ವಾಮಿ. ಗೇಟಿನ್ ಒಳಗೈತೆ. ನಮ್ಮಪ್ಪನ್ ಕಾಲ್ದಲ್ಲಿ ಗಾಡಿ ಓಡಾಡ್ತಿದ್ದೋ."

ವಾಚ್‌ಮನ್ ಹೊರಗೆ ಬಂದ. ನನ್ನ ಹೆಲ್ಮೆಟ್ ನೋಡಿದ, ಸೈಕಲ್ ನೋಡಿದ, ಚಿಲಕ ತೆಗೆದ. "ಸೈಕಲ್ ಹೋಗ್ಲಿ ಸಾರ್, ತೊಂದ್ರೆ ಇಲ್ಲ. ಮೇಕೆ ಬಿಡಂಗಿಲ್ಲ."

ಹಿರಿಯರು ಆಗಲೇ ಮೇಕೆಗಳನ್ನು ಗುಡ್ಡದ ಕಡೆ ತಿರುಗಿಸಿದ್ದರು. ನಾನು ಗೇಟಿನೊಳಗೆ ಹೋದೆ. ಫೋನಿನ ಪರದೆಯಲ್ಲಿ ಗೆರೆ ಇನ್ನೂ ಕಂದಾಗಿಯೇ ಇತ್ತು, ಚಕ್ರದ ಕೆಳಗೆ ಹೊಸ ಟಾರು ಸದ್ದೇ ಮಾಡಲಿಲ್ಲ.