ಇಪ್ಪತ್ತೊಂಬತ್ತು ಸ್ಥಾನಗಳ ಒಂದು ಸಂಖ್ಯೆ: ಪಾಠಶುದ್ಧಿ ಮತ್ತು ಸಿದ್ಧಾಂತಸಮ್ಮತಿ

ಶ್ರೀ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಹೇಳುವ ಪ್ರಾಕೃತ ಗಾಹೆಯೊಂದಿದೆ. ಕಟಪಯಾದಿ ಕ್ರಮದಿಂದ ಅದರ ಮೊದಲ 29 ಅಕ್ಷರಗಳನ್ನು ಅಂಕಗಳಾಗಿಸಿ, ಏಕಸ್ಥಾನದಿಂದ ಮೊದಲ್ಗೊಂಡು ಎಡಕ್ಕೆ ಬರೆದರೆ 79228162514264337593543950336 ದೊರೆಯುತ್ತದೆ. ಇದನ್ನು ಕೇವಲ ಅಕ್ಷರಚಮತ್ಕಾರವೆಂದು ಮೆಚ್ಚಿ ಮುಂದೆ ಸಾಗುವುದು ಉಚಿತವಲ್ಲ.

ಈ ಸಂಖ್ಯೆ ಎರಡರ ವರ್ಗಧಾರೆಯಿಂದ ಹುಟ್ಟಿದುದು. 2ರ ಮೊದಲ ವರ್ಗ 4, ಎರಡನೆಯದು 16. ಹೀಗೆ ಐದನೆಯ ವರ್ಗ 4294967296, ಆರನೆಯದು 18446744073709551616. ಇವೆರಡರ ಗುಣಲಬ್ಧವೇ ಗಾಹೆಯ ಸಂಖ್ಯೆ. ಐದನೆಯ ವರ್ಗದ ಘನವೂ ಅದೇ. ಆದುದರಿಂದ ಅದರ ಅರ್ಧಚ್ಛೇದಗಳು 96. ಅಷ್ಟು ಬಾರಿ ಅರ್ಧಿಸಿದರೆ ಒಂದು ಉಳಿಯುತ್ತದೆ.

ಗ್ರಂಥಸಂಪಾದಕರಿಗೆ ಇದರಿಂದ ಪ್ರಯೋಜನವುಂಟು. ಕನ್ನಡ ಲಿಪಿಯ ಓಲೆಗಳಲ್ಲಿ ಮಕಾರ ವಕಾರಗಳು ಒಂದಕ್ಕೊಂದು ಭ್ರಾಂತಿಯನ್ನುಂಟುಮಾಡುತ್ತವೆ. ಕಟಪಯಾದಿಯಲ್ಲಿ ಮಕಾರಕ್ಕೆ 5, ವಕಾರಕ್ಕೆ 4. ಶುದ್ಧಪಾಠದ ಅಂಕಗಳ ಮೊತ್ತ 127. ಒಂದು ಮಕಾರವನ್ನು ವಕಾರವಾಗಿ ಓದಿದರೆ ಅದು 126 ಆಗಿ, ಸಂಖ್ಯೆಯು 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಎರಡನ್ನೇ ಎರಡರಿಂದ ಗುಣಿಸುತ್ತ ಬಂದ ಸಂಖ್ಯೆಯು ಎಂದೂ ಹಾಗಾಗದು. ಅಕ್ಷರಗಳು ಸ್ಥಾನಪಲ್ಲಟವಾದಲ್ಲಿ ಮೊತ್ತವು ಮೋಸಮಾಡೀತು. ಆಗ ಅರ್ಧಚ್ಛೇದವೇ ಪ್ರಮಾಣ. ಮೂಡಬಿದಿರೆ, ಶ್ರವಣಬೆಳಗೊಳಗಳ ಭಂಡಾರದಲ್ಲಿರಲಿ, ಸೊರಬದ ಕುಪ್ಪಗಡ್ಡೆಯಂತಹ ಊರಿನ ಮನೆಯೊಂದರಲ್ಲಿರಲಿ, ಓಲೆಕಟ್ಟನ್ನು ಬಿಚ್ಚಿದವರು ಬೇರೊಂದು ಪ್ರತಿಯ ನೆರವಿಲ್ಲದೆಯೇ ಈ ಪಾಠವನ್ನು ಪರೀಕ್ಷಿಸಬಹುದು.

ಆದರೆ ಪಾಠ ಶುದ್ಧವಾದ ಮಾತ್ರಕ್ಕೆ ಸಿದ್ಧಾಂತವಿವಾದ ತೀರಿತೆನ್ನಲಾಗದು. ಷಟ್ಖಂಡಾಗಮದ ದ್ರವ್ಯಪ್ರಮಾಣಾನುಗಮವು ಈ ರಾಶಿಗೆ ಎರಡು ಬಗೆಯ ಎಲ್ಲೆಗಳನ್ನು ಹೇಳುತ್ತದೆ: ಆರನೆಯ ವರ್ಗಕ್ಕೆ ಮೇಲೆ, ಏಳನೆಯದಕ್ಕೆ ಕೆಳಗೆ, ಕೋಟಿಯ ಘನಕ್ಕೆ ಮೇಲೆ, ಕೋಟಿಯ ನಾಲ್ಕನೆಯ ಘಾತಕ್ಕೆ ಕೆಳಗೆ. ಗಾಹೆಯ ಸಂಖ್ಯೆ ಮೊದಲನೆಯ ನಿಯಮಕ್ಕೆ ಒಳಪಡುತ್ತದೆ, ಎರಡನೆಯದನ್ನು ಮೀರುತ್ತದೆ. ಕೋಟಿಯ ನಾಲ್ಕನೆಯ ಘಾತವೆಂದರೆ ಒಂದರ ಮುಂದೆ 28 ಸೊನ್ನೆಗಳು. ಅದಕ್ಕೂ 29 ಸ್ಥಾನಗಳೇ. ಆದರೆ ನಮ್ಮ ಸಂಖ್ಯೆ ಅದರ ಏಳು ಪಟ್ಟಿಗಿಂತ ಹೆಚ್ಚು. ಸ್ಥಾನಗಳನ್ನಷ್ಟೇ ಎಣಿಸುವವರಿಗೆ ಈ ಭೇದ ತೋರದು.

ಕ್ರಿ.ಶ. 816ರಲ್ಲಿ ‘ಧವಲಾ’ ಟೀಕೆಯನ್ನು ಮುಗಿಸಿದ ವೀರಸೇನಾಚಾರ್ಯರಿಗೆ ಇದು ತೋರಿತ್ತು. ಅವರು ಮನುಷ್ಯಕ್ಷೇತ್ರದ ವಿಸ್ತಾರವನ್ನು ಗಣಿಸಿ, ಇಷ್ಟು ದೊಡ್ಡ ರಾಶಿಗೆ ಅಲ್ಲಿ ಎಡೆಯಿಲ್ಲವೆಂದು ಆ ಮತವನ್ನು ನಿರಾಕರಿಸಿದರು. ಸುಮಾರು ಒಂದೂವರೆ ಶತಮಾನದ ಅನಂತರ ಬಂದ ನೇಮಿಚಂದ್ರರು ಅದೇ ಸಂಖ್ಯೆಯನ್ನು ಗಾಹೆಯಲ್ಲಿ ನಿಲ್ಲಿಸಿದರು. ಹೀಗೆ ಎರಡು ಪರಂಪರೆಗಳು ನಮ್ಮ ಮುಂದಿವೆ.

ಇವನ್ನು ಸಮನ್ವಯಗೊಳಿಸುವ ಆತುರದಲ್ಲಿ ಸೂತ್ರದ ಕೋಟಿಯನ್ನಾಗಲಿ, ಗಾಹೆಯ ಅಕ್ಷರವನ್ನಾಗಲಿ ತಿದ್ದುವುದು ಸಂಪಾದನಧರ್ಮವಲ್ಲ. ಗಾಹೆಯ ಪಾಠ ನಿರ್ದುಷ್ಟವೆಂದು ಗಣಿತವೇ ಸಾಕ್ಷಿ ಹೇಳುತ್ತದೆ. ಆದುದರಿಂದಲೇ ಇಲ್ಲಿಯ ಭಿನ್ನತೆಯನ್ನು ಲಿಪಿಕಾರನ ತಲೆಗೆ ಕಟ್ಟುವಂತಿಲ್ಲ. ಅದು ಆಚಾರ್ಯರ ಮತಭೇದ. ಮತಭೇದವೆಂದೇ ಅದನ್ನು ಉಳಿಸಿಕೊಳ್ಳತಕ್ಕದ್ದು.