ಕಲ್ಲಚ್ಚಿನ ಬಿಂಬ: ದಂಡಿನ ಮನೆಚಿತ್ರಗಳ ಬೆಲೆಯೂ ಮೌಲ್ಯವೂ

ಬೆಂಗಳೂರು ದಂಡಿನ ಕ್ರೈಸ್ತ ಮನೆಗಳ ಗೋಡೆಗಳಿಂದ ಇಂದು ಇಳಿಯುತ್ತಿರುವ ಚಿತ್ರಗಳನ್ನು ಕುರಿತು ನಮ್ಮ ದೈವಶಾಸ್ತ್ರವು ಹೆಚ್ಚು ಮಾತನಾಡಿಲ್ಲ. ಶಿವಾಜಿನಗರ, ಹಲಸೂರುಗಳ ಹಳೆಯ ಮನೆಗಳು ಕೆಡವಲ್ಪಟ್ಟು ಬಹುಮಹಡಿ ಕಟ್ಟಡಗಳಾಗುವಾಗ ಯೇಸುವಿನ ಪವಿತ್ರ ಹೃದಯದ ಚಿತ್ರ, ಮಾತೆ ಮರಿಯಳ ಚಿತ್ರ, ಸಂತ ಅಂತೋಣಿಯವರ ಚಿತ್ರಗಳು ಚೌಕಟ್ಟಿನ ಸಮೇತ ಹೊರಬೀಳುತ್ತವೆ. ಕೆಲವು ಗುಜರಿಗೆ ಹೋಗುತ್ತವೆ. ಕೆಲವು ಹಳೆಯ ವಸ್ತುಗಳ ವ್ಯಾಪಾರಿಯ ಕೈಸೇರಿ, 'ಲಿಥೋಗ್ರಾಫ್' ಎಂಬ ಬಿರುದನ್ನು ಪಡೆದು, ಇಂದಿರಾನಗರದ ಯಾವುದೋ ಹಜಾರದ ಗೋಡೆಗೆ ಅಲಂಕಾರವಾಗುತ್ತವೆ. ಎರಡು ಗತಿಗಳಲ್ಲಿಯೂ ಒಂದೊಂದು ತೀರ್ಪು ಅಡಗಿದೆ. ಮೊದಲನೆಯದು ಚಿತ್ರಕ್ಕೆ ಬೆಲೆಯೇ ಇಲ್ಲವೆನ್ನುತ್ತದೆ; ಎರಡನೆಯದು ಬೆಲೆಯೊಂದನ್ನೇ ಬಲ್ಲದು. ಎರಡನ್ನೂ ನಾವು ಒಪ್ಪಲಾರೆವು. ಆದರೆ ಒಪ್ಪದಿರಲು ಹಕ್ಕು ಬರಬೇಕಾದರೆ ವಸ್ತುವನ್ನು ಮೊದಲು ಸರಿಯಾಗಿ ನೋಡಿರಬೇಕು.

ಕಲ್ಲಚ್ಚಿನ ಮೂಲತತ್ವ ಸರಳವಾದುದು: ಜಿಡ್ಡೂ ನೀರೂ ಕೂಡುವುದಿಲ್ಲ. ಅಲೋಯಿಸ್ ಸೆನೆಫೆಲ್ಡರನು 18ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಮ್ಯೂನಿಕ್ಕಿನಲ್ಲಿ ಇದನ್ನು ಮುದ್ರಣಕ್ಕೆ ಅಳವಡಿಸಿದನು. ಬವೇರಿಯಾದ ಸುಣ್ಣಕಲ್ಲಿನ ಚಪ್ಪಡಿಯನ್ನು ಮರಳು, ನೀರು ಹಾಕಿ ಉಜ್ಜಿ ಸಮಗೊಳಿಸಿ, ಅದರ ಮೇಲೆ ಜಿಡ್ಡಿನ ಬಳಪದಿಂದಲೋ ಮಸಿಯಿಂದಲೋ ಚಿತ್ರವನ್ನು ಎಡಬಲ ತಿರುಗಿಸಿ ಬರೆಯುತ್ತಾರೆ. ಗೋಂದಿನ ನೀರಿಗೆ ತುಸು ನೈಟ್ರಿಕ್ ಆಮ್ಲ ಬೆರೆಸಿ ಬಳಿದಾಗ, ಬರೆಹವಿಲ್ಲದ ಭಾಗವು ನೀರನ್ನು ಹಿಡಿದಿಟ್ಟುಕೊಳ್ಳುವ ಗುಣವನ್ನು ಪಡೆಯುತ್ತದೆ. ಅನಂತರ ಕಲ್ಲನ್ನು ಒದ್ದೆಮಾಡಿ ಮಸಿಯ ಉರುಳೆಯನ್ನು ಹಾಯಿಸಿದರೆ ಮಸಿಯು ಜಿಡ್ಡಿರುವಲ್ಲಿ ಮಾತ್ರ ನಿಲ್ಲುತ್ತದೆ. ಮರದಚ್ಚಿನ ಉಬ್ಬು ಇಲ್ಲಿಲ್ಲ, ತಾಮ್ರದ ತಗಡಿನ ಕೊರೆತವೂ ಇಲ್ಲ. ಬರೆದ ಕೈಯ ಒತ್ತಡ, ನಡುಕಗಳು ಕೂಡ ಕಾಗದಕ್ಕೆ ಇಳಿಯುತ್ತವೆ. ಬಣ್ಣದ ಚಿತ್ರಕ್ಕಾದರೋ ಬಣ್ಣಕ್ಕೊಂದು ಕಲ್ಲು ಬೇಕು. ಒಂದೇ ಮುಖಕ್ಕೆ ಹತ್ತಕ್ಕೂ ಮಿಕ್ಕಿ ಕಲ್ಲುಗಳು ದುಡಿದದ್ದುಂಟು. ಇದಕ್ಕೆ ಹಕ್ಕುಪತ್ರವನ್ನು ಪಡೆದ ಎಂಗೆಲ್‌ಮನ್ನನ ಊರಾದ ಮುಲೂಸ್, ಬಾಸೆಲ್ ನಗರಕ್ಕೆ ಹತ್ತಿರದಲ್ಲಿದೆ.

ಬಾಸೆಲಿನ ಹೆಸರು ಬಂದಮೇಲೆ ಕನ್ನಡದ ಸಂಗತಿಯನ್ನು ಹೇಳದೆ ಮುಂದುವರಿಯುವಂತಿಲ್ಲ. ಕನ್ನಡಕ್ಕೆ ಅಚ್ಚುಮೊಳೆಗಳು ಮೊದಲೇ ಬಂದಿದ್ದವು. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿಯೇ ಸಿರಾಂಪುರದಲ್ಲಿ ಅಚ್ಚಾಗಿತ್ತು. ಆದರೂ ಮಂಗಳೂರಿನ ಬಾಸೆಲ್ ಮಿಶನ್ ತನ್ನ ಮುದ್ರಣವನ್ನು ಕಲ್ಲಿನಿಂದಲೇ ಆರಂಭಿಸಿತು. ಹೆರ್ಮನ್ ಮೋಗ್ಲಿಂಗರ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದದ್ದು ಕಲ್ಲಚ್ಚಿನಲ್ಲಿ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಒಳಗೊಂಡ ಅವರ ಗ್ರಂಥಮಾಲೆಯೂ ಕಲ್ಲಚ್ಚಿನದೇ. ಲಿಪಿಕಾರನ ಕೈಬರೆಹವು ಹಾಗೆಯೇ ಪ್ರತಿಪ್ರತಿಯಲ್ಲಿಯೂ ಉಳಿಯಿತು. ಬಿಂಬವನ್ನು ಶಂಕಿಸುವ ಪರಂಪರೆಯವರು ಕಲ್ಲಿನ ಮೇಲೆ ಅಕ್ಷರವನ್ನು ಬರೆಸಿದರು. ದಂಡಿನ ಕಥೋಲಿಕ ಮನೆಗಳಿಗೆ ಅದೇ ಕಲ್ಲು ಮುಖಗಳನ್ನು ತಂದುಕೊಟ್ಟಿತು. ಮೊದಲನೆಯದನ್ನು ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಎರಡನೆಯದಕ್ಕೆ ನಮ್ಮ ವಿದ್ಯಾಲಯಗಳಲ್ಲಿ ಸಿಕ್ಕಿದ್ದು 'ಅಗ್ಗದ ಭಕ್ತಿಚಿತ್ರ' ಎಂಬ ಹೆಸರು.

ಈ ತಾತ್ಸಾರಕ್ಕೆ ಕಾರಣವಿಲ್ಲದೆ ಇಲ್ಲ. ರೋಮಿನ ಜೆಸು ದೇವಾಲಯದಲ್ಲಿರುವ ಬತೋನಿಯ ಪವಿತ್ರ ಹೃದಯದ ಚಿತ್ರವೇ ಸಾವಿರ ಕಡೆ ಮರುಮುದ್ರಣಗೊಂಡು, ಯೂರೋಪಿನ ಮೈಬಣ್ಣವನ್ನೇ ಕ್ರಿಸ್ತನ ಬಣ್ಣವೆಂದು ನಮ್ಮ ಮಕ್ಕಳಿಗೆ ಕಲಿಸಿತು. ಜ್ಯೋತಿ ಸಾಹಿಯವರಂಥ ಕಲಾವಿದರು ಇದಕ್ಕೆ ಉತ್ತರವಾಗಿ ಈ ನೆಲದ ಬಿಂಬಗಳನ್ನು ಹುಡುಕಿದ್ದು ಅಗತ್ಯವಾಗಿಯೇ ಇತ್ತು. ಆದರೆ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಕಲ್ಲಚ್ಚಿನ ಮುದ್ರಣಾಲಯವನ್ನು ನೆನೆಯಿರಿ. ಜರ್ಮನ್ ಕುಶಲಿಗಳ ನೆರವಿನಿಂದ ಅದು ಲಕ್ಷ್ಮಿ ಸರಸ್ವತಿಯರನ್ನು ಗುಡಿಯ ಒಳಕ್ಕೆ ಪ್ರವೇಶವಿಲ್ಲದವರ ಮನೆಗೂ ತಂದಿತು. ಆ ಅಚ್ಚುಗಳನ್ನು ಇಂದು ಸಂಗ್ರಾಹಕರು ಸಾಮಾಜಿಕ ಚರಿತ್ರೆಯೆಂದು ಗೌರವಿಸುತ್ತಾರೆ. ಅದೇ ತಂತ್ರ, ಅದೇ ಕಾಲ, ಅದೇ ಬಗೆಯ ಬಡ ಕೊಳ್ಳುಗ. ಹಾಗಿರುವಾಗ ಸಂತ ಮೇರಿ ಬಸಿಲಿಕದ ಸೆಪ್ಟೆಂಬರ್ 8ರ ಹಬ್ಬಕ್ಕೆ ಬಂದವರು ಕೊಂಡೊಯ್ದ ಚಿತ್ರಕ್ಕೆ ಬೇರೆ ಅಳತೆಗೋಲೇಕೆ?

ಗುರುತಿಸುವಿಕೆಯ ಮಾತಿಗೆ ಬರೋಣ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯೊಂದು ಸಾಕು. ಚುಕ್ಕಿಗಳು ಒಂದೇ ಅಂತರದಲ್ಲಿ ಸಾಲುಗಟ್ಟಿ ಸಣ್ಣ ಹೂವಿನಂತೆ ಕೂಡಿದ್ದರೆ ಅದು ಛಾಯಾಚಿತ್ರದ ಜರಡಿಯಿಂದ ಬಂದ ಆಫ್‌ಸೆಟ್ ಮುದ್ರಣ. ಕೈಯಿಂದ ಇಟ್ಟ ಚುಕ್ಕಿಗಳಾದರೆ ಗಾತ್ರದಲ್ಲಿಯೂ ಅಂತರದಲ್ಲಿಯೂ ಏರುಪೇರಿರುತ್ತದೆ. ಬಳಪದ ಗೆರೆಯು ಕಲ್ಲಿನ ತರಿಯನ್ನು ತೋರುತ್ತದೆ. ಅಂಚಿನಲ್ಲಿ ಒಂದು ಬಣ್ಣವು ಇನ್ನೊಂದರ ಆಚೆಗೆ ಕೂದಲೆಳೆಯಷ್ಟು ಇಣುಕುತ್ತದೆ. ಮೆರುಗೆಣ್ಣೆ ಬಳಿದು, ಬಟ್ಟೆಯ ನೇಯ್ಗೆಯಂತೆ ಒತ್ತಿದ್ದರೆ ಅದನ್ನು ಓಲಿಯೋಗ್ರಾಫ್ ಎನ್ನುತ್ತಾರೆ. ಚಿತ್ರದ ಸುತ್ತ ಕಾಗದವು ತಗ್ಗಿದ ಚೌಕದ ಗುರುತಿದ್ದರೆ ಅದು ತಾಮ್ರದ ತಗಡಿನದು, ಕಲ್ಲಿನದಲ್ಲ. ಬೆಂಗಳೂರಿನ ಹಳೆಯ ನೋಟಗಳೆಲ್ಲವನ್ನೂ ಲಿಥೋಗ್ರಾಫ್ ಎಂದು ಮಾರುವವರು ಇದನ್ನು ಗಮನಿಸಬೇಕು: ರಾಬರ್ಟ್ ಹೋಮನ ಮೈಸೂರು ನೋಟಗಳು 1794ರ ಕೆತ್ತನೆಗಳು, ಆಗ ಕಲ್ಲಚ್ಚು ಹುಟ್ಟಿಯೇ ಇರಲಿಲ್ಲ. 1805ರ ಜೇಮ್ಸ್ ಹಂಟರನ ನೋಟಗಳು ಅಕ್ವಾಟಿಂಟ್‌ಗಳು. ಆಫ್‌ಸೆಟ್ಟಿನ ವಿಷಯ ಮಾತ್ರ ತುಸು ಸೂಕ್ಷ್ಮವಾದುದು. ಅದೂ ಜಿಡ್ಡು ನೀರಿನ ತತ್ವದ ಸಂತಾನವೇ ಆದುದರಿಂದ, ವ್ಯಾಪಾರಿಯು ಅರ್ಧ ಸತ್ಯವನ್ನು ಹೇಳಿ ಪೂರ್ಣ ಬೆಲೆಯನ್ನು ಕೇಳಬಲ್ಲನು. ಸುಳ್ಳುಸಾಕ್ಷಿಯ ನಿಷೇಧವು ವಸ್ತುಗಳ ವಿಷಯದಲ್ಲಿಯೂ ಸಲ್ಲುತ್ತದೆಂದು ನಾವು ತಿಳಿಯುತ್ತೇವೆ.

ಬೆಲೆಯನ್ನು ಕಟ್ಟುವವನು ಏನನ್ನು ನೋಡುತ್ತಾನೆ? ಅಂಚು ಕತ್ತರಿಸಿಲ್ಲವೆ, ಮುದ್ರಕನ ಹೆಸರಿನ ಸಣ್ಣ ಸಾಲು ಉಳಿದಿದೆಯೆ, ಕಲ್ಲು ಸವೆಯುವ ಮೊದಲಿನ ಸ್ಪಷ್ಟ ಪ್ರತಿಯೆ, ಬಣ್ಣ ಮಾಸಿದೆಯೆ, ಹುಳು ಹೊಡೆದಿದೆಯೆ, ಇಂಥ ಪ್ರತಿಗಳು ಎಷ್ಟು ಉಳಿದಿವೆ ಎಂಬುದನ್ನು. ಕೊನೆಯ ಪ್ರಶ್ನೆಯಲ್ಲಿ ನಮ್ಮ ದಾರಿಗಳು ಅಗಲುತ್ತವೆ. ಸಂತೆಯಲ್ಲಿ ವಿರಳತೆಯೇ ಮೌಲ್ಯ. ಬಿಂಬಕ್ಕೆ ಸಲ್ಲಿಸಿದ ಗೌರವವು ಮೂಲರೂಪವನ್ನು ಮುಟ್ಟುತ್ತದೆಂಬ ಸಂತ ಬೆಸಿಲನ ವಿಚಾರವನ್ನು 787ರ ನಿಸೇಯಾ ಮಹಾಸಭೆಯು ಕೈಗೆತ್ತಿಕೊಂಡಿತು. ಆ ವಿಚಾರದಲ್ಲಿ ಮೊದಲ ಪ್ರತಿಗೂ ಸಾವಿರದ ಪ್ರತಿಗೂ ಅಂತರವಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯು ಮಗನನ್ನು ಕುರಿತು ಬಳಸುವ 'ಖರಕ್ತೇರ್' ಎಂಬ ಗ್ರೀಕ್ ಪದವೇ ಒತ್ತಿ ಮೂಡಿಸಿದ ಅಚ್ಚನ್ನು ಸೂಚಿಸುತ್ತದೆ. ಅಚ್ಚು ಎಂಬುದು ಕೀಳಾದ ನಕಲು ಎಂಬ ಅರ್ಥ ಅಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ವ್ಯತ್ಯಾಸ ಇದಕ್ಕಿಂತಲೂ ಹೆಚ್ಚು ನಮ್ಮನ್ನು ಕಾಡುತ್ತದೆ. ಪವಿತ್ರ ಹೃದಯವನ್ನು ಮನೆಯಲ್ಲಿ ಪ್ರತಿಷ್ಠಾಪಿಸುವ ಆಚರಣೆಯನ್ನು ಮತೇಯೋ ಕ್ರಾಲಿ ಎಂಬ ಗುರುಗಳು 1907ರಿಂದ ಹರಡಿದರು. ಅದಕ್ಕಾಗಿ ಮುದ್ರಿಸಿದ ಚಿತ್ರಪತ್ರಗಳಲ್ಲಿ ಕುಟುಂಬದವರ ಹೆಸರು, ದಿನಾಂಕ, ಗುರುಗಳ ಸಹಿಗೆ ಖಾಲಿ ಗೆರೆಗಳಿರುತ್ತವೆ. ಮಾಸಿದ ಮಸಿಯ ಈ ಬರೆಹವು ಸಂಗ್ರಾಹಕನಿಗೆ ಕಲೆ. ಬೆಲೆಯನ್ನು ಇಳಿಸುವ ದೋಷ. ಚೌಕಟ್ಟು ಬದಲಿಸುವವನು ಅದನ್ನು ಮರೆಮಾಡುತ್ತಾನೆ, ಇಲ್ಲವೆ ಕತ್ತರಿಸುತ್ತಾನೆ. ಸಭೆಗಾದರೋ ಆ ಗೆರೆಗಳೇ ಚಿತ್ರದ ಬೆಲೆಬಾಳುವ ಭಾಗ. ಸಾವಿರ ಪ್ರತಿಗಳಲ್ಲಿ ಒಂದಾಗಿದ್ದುದು ಆ ಹೆಸರುಗಳಿಂದಲೇ ಹಲಸೂರಿನ ಒಂದು ಮನೆಯದಾಯಿತು. ಚಿತ್ರದ ಕೆಳಗಿನ ಅಚ್ಚಿನ ಸಾಲು ಇಂಗ್ಲಿಷಿನಲ್ಲಿದೆಯೋ, ತಮಿಳಿನಲ್ಲಿದೆಯೋ, ಕನ್ನಡದಲ್ಲಿದೆಯೋ, ಹೆಸರುಗಳನ್ನು ಯಾವ ಲಿಪಿಯಲ್ಲಿ ತುಂಬಿದ್ದಾರೆ ಎಂಬುದರಲ್ಲಿ ದಂಡಿನ ಸಭೆಯ ಭಾಷಾಚರಿತ್ರೆಯೂ ಅಡಗಿದೆ.

ಆದುದರಿಂದ ಚೌಕಟ್ಟಿನ ಹಿಂಬದಿಯ ಹಲಗೆಯನ್ನು ಬಿಚ್ಚುವ ಮುನ್ನ ಮುಂದನ್ನೂ ಹಿಂದನ್ನೂ ಛಾಯಾಚಿತ್ರ ತೆಗೆಯಬೇಕು. ಚೌಕಟ್ಟು ಕಟ್ಟಿದ ಅಂಗಡಿಯ ಚೀಟಿ ಅಂಟಿದ್ದರೆ ಅದನ್ನು ಕೀಳಬಾರದು. ಬರೆದ ಹೆಸರುಗಳನ್ನು ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕದೊಡನೆ ತಾಳೆ ನೋಡಬೇಕು. ಚಿತ್ರವು ಕಲ್ಲಚ್ಚಿನದೋ ಆಫ್‌ಸೆಟ್ಟಿನದೋ ಎಂಬುದನ್ನು ಅಲ್ಲಿಯೇ, ಇದ್ದುದನ್ನು ಇದ್ದಂತೆ, ಬರೆದಿಡಬೇಕು. ಆಫ್‌ಸೆಟ್ಟಿನದೆಂದು ತಿಳಿದುಬಂದರೂ ಹೆಸರುಗಳಿರುವ ಚಿತ್ರವನ್ನು ಗುಜರಿಗೆ ಹಾಕಲಾಗದು.